ಯದೃಚ್ಛೆಯ ಮಿತವ್ಯಯ

1792ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಂಧಿಯ ಮೇರೆಗೆ ಟೀಪೂ ಸುಲ್ತಾನನ ಆಧಿಪತ್ಯದಿಂದ ಕಳಚಿ ಇಂಗ್ಲಿಷರ ಕಂಪನಿಯ ಕೈಸೇರಿದ ಸೀಮೆಗಳಲ್ಲಿ ಬಾರಾಮಹಲೂ ಸೇಲಂ ಪ್ರಾಂತವೂ ಇದ್ದುವು. ಪೂರ್ವದಲ್ಲಿ ನೊಳಂಬ ಅರಸರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ್ದ ತಗಡೂರು, ಅಂದರೆ ಧರ್ಮಪುರಿ, ಈ ಸೀಮೆಯ ನಡುವಣ ಊರು. ಹೊಸ ಸರಕಾರಕ್ಕೆ ನಾಡು ದೊರೆತಿತ್ತೇ ಹೊರತು ನಾಡಿನ ಲೆಕ್ಕ ದೊರೆತಿರಲಿಲ್ಲ. ಯಾವ ಹೊಲ ಎಷ್ಟು ವಿಸ್ತಾರ, ಯಾವುದರಲ್ಲಿ ಎಷ್ಟು ಬೆಳೆದೀತು, ಯಾರು ಎಷ್ಟು ಕಂದಾಯ ಕೊಡತಕ್ಕದ್ದು ಎಂಬುದು ಕರಣಿಕರ ಕಡತದಲ್ಲಿ ಅರ್ಧ, ಅವರ ಮನಸ್ಸಿನಲ್ಲಿ ಅರ್ಧ ಅಡಗಿದ್ದಿತು. ಈ ಲೆಕ್ಕವನ್ನು ಕಟ್ಟುವ ಭಾರ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನ ಮೇಲೆ ಬಿದ್ದಿತು. ಆತನು ಸೀಮೆಯನ್ನು ಮೂರು ಪಾಲು ಮಾಡಿ, ಬಡಗಣ ಪಾಲನ್ನು ಗ್ರಹಾಮನಿಗೂ, ತೆಂಕಣ ಸೇಲಂ ಪಾಲನ್ನು ಮೆಕ್ಲೌಡನಿಗೂ, ಧರ್ಮಪುರಿಯನ್ನೊಳಗೊಂಡ ನಡುಪಾಲನ್ನು ಥಾಮಸ್ ಮನ್ರೋ ಎಂಬ ಮೂವತ್ತರ ಆಸುಪಾಸಿನ ಸೈನಿಕನಿಗೂ ಒಪ್ಪಿಸಿದನು.

ಈ ನಾಲ್ವರು ಹಿಡಿದ ಹಾದಿ ಸಮಗ್ರತೆಯ ಹಾದಿ. ಗ್ರಾಮವೊಂದನ್ನು ಇಡಿಯಾಗಿ ಅಂದಾಜು ಮಾಡಿ ಗೌಡನ ತಲೆಗೆ ಕಟ್ಟುವುದನ್ನು ಬಿಟ್ಟು, ಹೊಲಹೊಲಕ್ಕೂ ಹೋಗಿ ಅಳೆದು, ಮಣ್ಣಿನ ಗುಣವನ್ನು ನಿಶ್ಚಯಿಸಿ, ಉಳುವವನ ಹೆಸರಿನಲ್ಲಿಯೇ ಕಂದಾಯವನ್ನು ಬರೆಯುವ ಕ್ರಮ ಅವರದು. ಮುಂದೆ ರೈತವಾರಿ ಪದ್ಧತಿಯೆಂದು ಹೆಸರಾದುದು ಮೊಳೆತದ್ದು ಈ ಸೇಲಂ ಧರ್ಮಪುರಿಗಳ ಹೊಲಗಳಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮನ್ರೋ ಕೆನರಾ ಸೀಮೆಗೂ, 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲಕ್ಕೂ ಹೋದನು. ಬಳ್ಳಾರಿಯನ್ನೊಳಗೊಂಡ ಆ ದತ್ತಮಂಡಲದಲ್ಲಿಯೂ ಅದೇ ಕ್ರಮವನ್ನು ಇನ್ನೂ ವಿಸ್ತಾರವಾಗಿ ನಡೆಸಿದನು. ಮೂವತ್ತಮೂರು ಅಡಿಯ ಸರಪಳಿಯನ್ನು ಹಿಡಿದ ಮೋಜಣಿದಾರರು ಬಳ್ಳಾರಿ ಸೀಮೆಯ ಹೊಲಗಳನ್ನೆಲ್ಲ ಒಂದೊಂದಾಗಿ ತುಳಿದು ಅಳೆದು ಮುಗಿಸಲು ವರ್ಷಗಳೇ ಹಿಡಿದುವು. ಲೋಕವನ್ನು ಅರಿಯಬೇಕಾದರೆ ಲೋಕದ ಒಂದೊಂದು ಅಂಶವನ್ನೂ ಮುಟ್ಟಿ ನೋಡಬೇಕು ಎಂಬ ನಂಬಿಕೆಗೆ ಇದಕ್ಕಿಂತ ಶ್ರದ್ಧೆಯ ನಿದರ್ಶನವನ್ನು ನಮ್ಮ ಚರಿತ್ರೆಯಲ್ಲಿ ಹುಡುಕುವುದು ಕಷ್ಟ.

ಆದರೆ ಹೊಲದ ವಿಸ್ತಾರ ವರ್ಷವರ್ಷಕ್ಕೆ ಬದಲಾಗುವುದಿಲ್ಲ, ಬೆಳೆ ಬದಲಾಗುತ್ತದೆ. ಒಂದು ಪ್ರಾಂತದ ಈ ವರ್ಷದ ಬತ್ತ ಎಷ್ಟೆಂದು ಕೇಳಿದವನಿಗೆ, ಗದ್ದೆಗದ್ದೆಯನ್ನೂ ಕೊಯ್ದು ತೂಗಿ ಉತ್ತರ ಹೇಳುವಷ್ಟರಲ್ಲಿ ಮುಂದಿನ ಸುಗ್ಗಿ ಬಂದಿರುತ್ತದೆ. 1923ರಿಂದ 1925ರ ವರೆಗೆ ಬಿಹಾರ ಒರಿಸ್ಸಾ ಪ್ರಾಂತದಲ್ಲಿ ಜೆ. ಎ. ಹಬ್ಬಕ್ ಎಂಬ ಸಿವಿಲ್ ಸರ್ವಿಸಿನ ಅಧಿಕಾರಿ ಬತ್ತದ ಗದ್ದೆಗಳ ಸಣ್ಣ ಸಣ್ಣ ತುಂಡುಗಳನ್ನು ತನ್ನ ಇಷ್ಟಾನಿಷ್ಟಗಳಿಗೆ ಎಡೆಗೊಡದೆ ಯದೃಚ್ಛೆಯಿಂದ ಆಯ್ದು, ಅವನ್ನು ಮಾತ್ರ ಕೊಯ್ಯಿಸಿ, ಇಡೀ ಸೀಮೆಯ ಬೆಳೆಯನ್ನು ಗಣಿಸಿದನು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಅದೇ ಕಾಲದಲ್ಲಿ ರೊನಾಲ್ಡ್ ಫಿಶರನು ಕೃಷಿಪ್ರಯೋಗಗಳಲ್ಲಿ ಯದೃಚ್ಛೆಗೆ ಶಾಸ್ತ್ರದ ಪೀಠವನ್ನು ಕಟ್ಟುತ್ತಿದ್ದನು. 1931ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಗೆ ಈ ವಿದ್ಯೆಯನ್ನು ಬೃಹತ್ಪ್ರಮಾಣದಲ್ಲಿ ಅನ್ವಯಿಸಿದರು. ಮನುಷ್ಯನ ಕಣ್ಣು ಒಳ್ಳೆಯ ಪೈರಿನ ಕಡೆಗೋ ಕೆಟ್ಟ ಪೈರಿನ ಕಡೆಗೋ ವಾಲುತ್ತದೆ, ಯದೃಚ್ಛೆಯಾದರೋ ಯಾರ ಕಡೆಗೂ ವಾಲದು: ಇದೇ ಅದರ ಯೋಗ್ಯತೆ.

ಹೀಗೆ ಸಮಗ್ರತೆಯ ವೆಚ್ಚವನ್ನು ಉಳಿಸಲು ಕರೆತಂದ ಯದೃಚ್ಛೆ ತಾನೇ ಒಂದು ವೆಚ್ಚವಾಗಿ ಪರಿಣಮಿಸಿತು. ಮನಸ್ಸಿಗೆ ತೋಚಿದ ಅಂಕೆಗಳನ್ನು ಬರೆಯಹೊರಟವನು ತನಗರಿವಿಲ್ಲದೆಯೇ ಒಂದು ಕ್ರಮವನ್ನು ಬರೆಯುತ್ತಾನೆ. ಅದಕ್ಕಾಗಿ 1927ರಲ್ಲಿ ಟಿಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞನು ಜನಗಣತಿಯ ವರದಿಗಳಿಂದ ಹೆಕ್ಕಿದ 41,600 ಅಂಕೆಗಳ ಕೋಷ್ಟಕವೊಂದನ್ನು ಅಚ್ಚುಮಾಡಿಸಬೇಕಾಯಿತು. 1955ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆ ವಿದ್ಯುದ್ಯಂತ್ರವೊಂದರಿಂದ ಪಡೆದ ಹತ್ತು ಲಕ್ಷ ಅಂಕೆಗಳನ್ನು ಗ್ರಂಥರೂಪವಾಗಿಯೇ ಹೊರಡಿಸಿತು. ಆದಿಯಿಂದ ಅಂತ್ಯದವರೆಗೆ ಅರ್ಥವೊಂದೂ ಇಲ್ಲದಿರುವುದೇ ಆ ಗ್ರಂಥದ ಗುಣ. ಈ ಪರಿಸ್ಥಿತಿಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜವಾಗಿತ್ತು. ಅಪ್ಪಟ ಯದೃಚ್ಛೆ ಇಷ್ಟು ತುಟ್ಟಿಯಾದರೆ, ಸ್ವಲ್ಪದರಿಂದಲೇ ಬಹಳದ ಕೆಲಸವನ್ನು ಮಾಡಿಸಲಾಗದೆ?

ಈ ಪ್ರಶ್ನೆಗೆ ಬೀಜಪ್ರಾಯವಾದ ಉತ್ತರವೊಂದನ್ನು ಕೊಟ್ಟವರು ಮನ್ರೋವಿನ ಸರಪಳಿ ಅಳೆದ ಆ ಬಳ್ಳಾರಿ ಸೀಮೆಯಲ್ಲಿಯೇ ಹುಟ್ಟಿದವರು ಎಂಬುದು ಇತಿಹಾಸದ ಒಂದು ವಿನೋದ. ಕಲ್ಯಂಪೂಡಿ ರಾಧಾಕೃಷ್ಣ ರಾಯರು 1920ರ ಸೆಪ್ಟೆಂಬರ್ 10ರಂದು ಹಡಗಲಿಯಲ್ಲಿ ಜನಿಸಿದರು. ಸೇಲಮಿನಂತೆ ಬಳ್ಳಾರಿಯೂ ಆಗ ಮದರಾಸು ಅಧಿಪತ್ಯದ ಜಿಲ್ಲೆ; ಇಂದು ಹೂವಿನಹಡಗಲಿ ಕರ್ನಾಟಕದ ವಿಜಯನಗರ ಜಿಲ್ಲೆಗೆ ಸೇರಿದೆ. ತೆಲುಗು ಮನೆಮಾತಿನ ಕುಟುಂಬ. ತಂದೆ ಪೊಲೀಸ್ ಇಲಾಖೆಯವರು. ಹತ್ತು ಮಕ್ಕಳಲ್ಲಿ ಎಂಟನೆಯವರಾದುದರಿಂದ, ದೇವಕಿಯ ಎಂಟನೆಯ ಗರ್ಭದ ನೆನಪಿಗೆ ಕೃಷ್ಣನ ಹೆಸರು. ವಿಶಾಖಪಟ್ಟಣದಲ್ಲಿ ಗಣಿತದ ಎಂ.ಎ. ಮುಗಿಸಿ, ಯುದ್ಧಕಾಲದ ಉದ್ಯೋಗವೊಂದನ್ನು ಅರಸಿಕೊಂಡು ಕಲ್ಕತ್ತೆಗೆ ಹೋದ ತರುಣನಿಗೆ ಆ ಉದ್ಯೋಗ ದೊರೆಯಲಿಲ್ಲ. ಅಲ್ಲಿ ಆಕಸ್ಮಿಕವಾಗಿ ಪರಿಚಯವಾದವರೊಬ್ಬರ ಮಾತಿನಿಂದ ಮಹಲನೋಬಿಸರ ಸಂಸ್ಥೆಯ ವಿಷಯ ತಿಳಿದು 1941ರ ಜನವರಿಯಲ್ಲಿ ಅದನ್ನು ಸೇರಿದರು. 1945ರಲ್ಲಿ ಕಲ್ಕತ್ತಾ ಗಣಿತಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಒಂದು ಲೇಖನ, ಯಾವ ಅಂದಾಜೂ ಒಂದು ಮಿತಿಗಿಂತ ನಿಖರವಾಗಲಾರದೆಂಬ ಅಸಮತೆಯನ್ನು ಸ್ಥಾಪಿಸಿ ಲೋಕಪ್ರಸಿದ್ಧವಾಯಿತು. ನಮ್ಮ ಕಥೆಗೆ ಬೇಕಾದುದು 1946, 1947ರಲ್ಲಿ ಹೊರಬಿದ್ದ, ಸದ್ದು ಕಡಮೆಯಾದ ಇನ್ನೆರಡು ಲೇಖನಗಳು.

ಅವುಗಳ ಸಾರವನ್ನು ಹೊಲದ ಮಾತಿನಲ್ಲಿಯೇ ಹೇಳಬಹುದು. ನೀರು, ಗೊಬ್ಬರ, ಬಿತ್ತನೆಬೀಜ ಈ ಮೂರರಲ್ಲಿ ಪ್ರತಿಯೊಂದಕ್ಕೂ ಹಳೆಯದು, ಹೊಸದು ಎಂದು ಎರಡು ಬಗೆಗಳಿದ್ದರೆ, ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು ಎಂಟು ಮಡಿ ಬೇಕು. ನಾಲ್ಕೇ ಮಡಿಗಳನ್ನು ಹೀಗೆ ಏರ್ಪಡಿಸೋಣ: ಮೊದಲನೆಯದರಲ್ಲಿ ಮೂರೂ ಹಳೆಯವು, ಉಳಿದ ಮೂರರಲ್ಲಿ ಕ್ರಮವಾಗಿ ನೀರು ಮಾತ್ರ, ಗೊಬ್ಬರ ಮಾತ್ರ, ಬೀಜ ಮಾತ್ರ ಹಳೆಯದು, ಮಿಕ್ಕೆರಡು ಹೊಸವು. ಈಗ ಯಾವ ಎರಡು ಅಂಶಗಳನ್ನು ಜೊತೆಯಾಗಿ ನೋಡಿದರೂ ಅವುಗಳ ನಾಲ್ಕು ಜೋಡಣೆಗಳೂ ತಲಾ ಒಂದೊಂದು ಸಲ ಕಾಣಿಸುತ್ತವೆ. ಎರಡೆರಡನ್ನೇ ನೋಡುವ ಪರೀಕ್ಷಕನಿಗೆ ಈ ನಾಲ್ಕಕ್ಕೂ ಆ ಎಂಟಕ್ಕೂ ಭೇದ ತಿಳಿಯದು; ಮೂರನ್ನೂ ಒಟ್ಟಿಗೆ ನೋಡುವವನಿಗೆ ಮಾತ್ರ ಗುಟ್ಟು ಬಯಲಾಗುತ್ತದೆ. ಎಷ್ಟು ಅಂಶಗಳನ್ನು ಒಟ್ಟಿಗೆ ನೋಡುವ ಪರೀಕ್ಷಕನ ತನಕ ಏರ್ಪಾಡು ತಡೆದುಕೊಳ್ಳುವುದೋ ಅದನ್ನು ರಾಯರು ಅದರ ಬಲವೆಂದು ಕರೆದರು. ಬಲ ಎರಡಾದರೆ ಸಾಕೆನ್ನುವವನು ಏಳು ಅಂಶಗಳ 128 ಜೋಡಣೆಗಳ ಕೆಲಸವನ್ನು ಎಂಟೇ ಮಡಿಗಳಲ್ಲಿ ಮುಗಿಸಬಲ್ಲನು. ಇದನ್ನೇ ಯದೃಚ್ಛೆಯ ಭಾಷೆಗೆ ತಿರುಗಿಸಿದರೆ, ಮೂರು ಸಲ ನಾಣ್ಯ ಚಿಮ್ಮಿದ ಫಲದಿಂದ, ಎರಡೆರಡಾಗಿ ನೋಡುವವನ ಪಾಲಿಗೆ ಏಳು ಸಲ ಚಿಮ್ಮಿದಂತೆಯೇ ಇರುವ ಫಲವನ್ನು ಪಡೆಯಬಹುದು. ನೋಟದ ಆಳವನ್ನು ಮೊದಲು ಗೊತ್ತುಮಾಡಿಕೊಂಡು, ಆ ಆಳಕ್ಕೆ ಸಾಲುವಷ್ಟನ್ನೇ ಕಟ್ಟುವುದು: ಯದೃಚ್ಛೆಯ ಮಿತವ್ಯಯದ ಮೂಲಸೂತ್ರವಿದು.

ಆರ್ಥೊಗೊನಲ್ ಅರೇ ಎಂದು ಹೆಸರಾಂತ ಈ ವ್ಯೂಹಗಳು ಮುಂದೆ ನಾನಾ ದಿಕ್ಕಿಗೆ ಹರಿದುವು. 1950ರ ದಶಕದ ಮಧ್ಯದಲ್ಲಿ ಕಲ್ಕತ್ತೆಯ ಸಂಸ್ಥೆಗೆ ಬಂದಿದ್ದ ಗೆನಿಚಿ ತಗುಚಿಯ ಮೂಲಕ ಅವು ಜಪಾನಿನ ಕಾರ್ಖಾನೆಗಳನ್ನು ಹೊಕ್ಕುವು. 1973ರಲ್ಲಿ ಫಿಲಿಪ್ ಡೆಲ್ಸಾರ್ಟ್ ಇವಕ್ಕೂ ಸಂದೇಶಗಳ ತಪ್ಪು ತಿದ್ದುವ ಸಂಕೇತಗಳಿಗೂ ಇರುವ ಬಂಧುತ್ವವನ್ನು ತೋರಿಸಿದನು. 1977ರಲ್ಲಿ ಆತನೂ ಗೋಥಾಲ್ಸ್, ಸೈಡೆಲರೂ ಗೋಳದ ಮೇಲಣ ಅಸಂಖ್ಯ ಬಿಂದುಗಳಿಗೆ ಬದಲಾಗಿ ನಿಲ್ಲಬಲ್ಲ ಕೆಲವೇ ಬಿಂದುಗಳ ವಿನ್ಯಾಸಗಳನ್ನು ವಿವರಿಸಿದರು. ಗಣಕಶಾಸ್ತ್ರದಲ್ಲಿ ಈ ಹಳೆಯ ಮಿತವ್ಯಯದ ಪಕ್ಕದಲ್ಲಿ ಬೇರೊಂದು ಮಿತವ್ಯಯ ತಲೆಯೆತ್ತಿತು. ಪರೀಕ್ಷಕನು ಎಷ್ಟು ಅಂಶಗಳನ್ನಾದರೂ ನೋಡಲಿ, ಆದರೆ ಆತನ ಆಯುಷ್ಯವೂ ಯಂತ್ರವೂ ಪರಿಮಿತ. ಆ ಪರಿಮಿತಿಯೊಳಗೆ ಗುಟ್ಟು ಬಿಡದಿದ್ದರೆ ಸಾಕು ಎಂದು 1982ರಲ್ಲಿ ಬ್ಲಮ್, ಮಿಕಾಲಿ, ಯಾವೋ ಮೊದಲಾದವರು ವಾದಿಸಿ, ಗೂಢಲಿಪಿಶಾಸ್ತ್ರಕ್ಕೆ ಹೊಸ ತಳಹದಿಯನ್ನು ಹಾಕಿದರು. ಮೊದಲನೆಯ ಕ್ರಮ ನೋಟದ ಆಳಕ್ಕೆ ಎಲ್ಲೆ ಕಟ್ಟುತ್ತದೆ, ಎರಡನೆಯದು ನೋಡುವವನ ಶ್ರಮಕ್ಕೆ. ಈ ಎರಡು ಧಾರೆಗಳೂ ಕ್ವಾಂಟಮ್ ಗಣಕದ ಅಂಗಳದಲ್ಲಿ ಬಂದು ಕೂಡಿದುವು.

ಅಲ್ಲಿ ಯದೃಚ್ಛೆಯ ಬೆಲೆ ಎಷ್ಟು ಏರಿತೆಂಬುದನ್ನು ಅರಿಯಲು ಸ್ವಲ್ಪ ಪೀಠಿಕೆ ಅವಶ್ಯ. ಸಾಮಾನ್ಯ ಗಣಕದ ಬಿಟ್ ಸೊನ್ನೆಯೋ ಒಂದೋ ಆಗಿರತಕ್ಕದ್ದು. ಕ್ಯೂಬಿಟ್ಟಾದರೋ ಎರಡರ ಮಿಶ್ರಣವಾಗಿಯೂ ಇರಬಲ್ಲುದು. ಹಲವು ಕ್ಯೂಬಿಟ್ಟುಗಳ ಸ್ಥಿತಿಯನ್ನು ನಷ್ಟವಿಲ್ಲದೆ ಇನ್ನೊಂದು ಸ್ಥಿತಿಗೆ ತಿರುಗಿಸುವ ಕ್ರಿಯೆಗೆ ಯೂನಿಟರಿ ಎಂದು ಹೆಸರು. ಹತ್ತು ಕ್ಯೂಬಿಟ್ಟುಗಳ ಮೇಲಿನ ಯೂನಿಟರಿಯನ್ನು ಬರೆಯಲು 1,024 ಸಾಲು, 1,024 ಕಂಬಗಳ, ಎಂದರೆ 10,48,576 ಮನೆಗಳ ಕೋಷ್ಟಕ ಬೇಕು; ಐವತ್ತು ಕ್ಯೂಬಿಟ್ಟುಗಳಾದರೆ ಸಾಲುಗಳೇ ಹನ್ನೊಂದು ಕೋಟಿ ಕೋಟಿಯನ್ನು ಮೀರುತ್ತವೆ. ಈ ಸಮಸ್ತ ಯೂನಿಟರಿಗಳ ರಾಶಿಯಿಂದ ಯಾವ ದಿಕ್ಕಿಗೂ ಪಕ್ಷಪಾತವಿಲ್ಲದೆ ಒಂದನ್ನು ಎತ್ತಿಕೊಳ್ಳುವುದೆಂದರೇನು ಎಂಬುದಕ್ಕೆ ನಿಷ್ಕೃಷ್ಟವಾದ ಅರ್ಥವನ್ನು ಕೊಡುವ ಮಾನದಂಡವನ್ನು ಸಾರ್ವತ್ರಿಕ ರೂಪದಲ್ಲಿ ಸ್ಥಾಪಿಸಿದವನು ಹಂಗೇರಿಯ ಆಲ್ಫ್ರೆಡ್ ಹಾರ್, 1933ರಲ್ಲಿ. ಅದೇ ವರ್ಷ ಆತ ತೀರಿಕೊಂಡನು. ಹಾರನ ಮಾನದಂಡದಿಂದ ಎತ್ತಿದ ಯೂನಿಟರಿ ಅಪ್ಪಟವಾದುದು ಹೌದು, ಆದರೆ ಯಂತ್ರಕ್ಕೆ ಎಟುಕದ್ದು. ಯಂತ್ರ ಮಾಡಬಲ್ಲುದು ಒಂದೆರಡು ಕ್ಯೂಬಿಟ್ಟುಗಳನ್ನು ಒಮ್ಮೆಗೆ ಮುಟ್ಟುವ ಗೇಟುಗಳ ಸರಣಿಯನ್ನು ಮಾತ್ರ. ಸೇಲಮಿನಲ್ಲಿ ಇಂದಿಗೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ನೇಯ್ಗೆಯವರ ಮಗ್ಗದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಇರುವಂತೆ, ಇಲ್ಲಿ ಕ್ಯೂಬಿಟ್ಟುಗಳು ಉದ್ದಕ್ಕೆ ಹರಿಯುವ ಎಳೆಗಳು, ಗೇಟುಗಳು ಅಡ್ಡಲಾಗಿ ಅವನ್ನು ಕಟ್ಟುವ ಎಳೆಗಳು; ಹೊಕ್ಕಿನ ಸಾಲುಗಳು ಎಷ್ಟೋ ಅದೇ ಸರ್ಕ್ಯೂಟಿನ ಆಳ. ಹಾರನ ಯೂನಿಟರಿಗಳಲ್ಲಿ ಬಹುತೇಕ ಎಲ್ಲವಕ್ಕೂ ಬೇಕಾಗುವ ಗೇಟುಗಳು ಕ್ಯೂಬಿಟ್ಟುಗಳ ಸಂಖ್ಯೆ ಒಂದೊಂದು ಏರಿದಾಗಲೂ ಗುಣಿಸುತ್ತ ಹೋಗುವುದರಿಂದ, ಐವತ್ತು ಎಳೆಗಳ ಮಟ್ಟಿಗೆ ಆ ವಸ್ತ್ರವನ್ನು ಯಾರೂ ನೇಯ್ದು ಮುಗಿಸಲಾರರು.

ಎಟುಕದ್ದನ್ನು ಬಯಸಬೇಕೇಕೆ? ಯಂತ್ರದ ದೋಷವನ್ನು ಅಳೆಯುವವರಿಗೆ ಯಾದೃಚ್ಛಿಕ ಕ್ರಿಯೆಗಳು ಅವಶ್ಯ, ಏಕೆಂದರೆ ಅವು ನಾನಾ ಬಗೆಯ ದೋಷಗಳನ್ನು ಕಲಸಿ ಒಂದೇ ಸರಾಸರಿಯಾಗಿ ತೋರಿಸುತ್ತವೆ. ರಹಸ್ಯವನ್ನು ಅಡಗಿಸುವವರಿಗೆ ಅವು ಬೇಕು. ಕಪ್ಪುಕುಳಿಯೊಳಕ್ಕೆ ಬಿದ್ದ ಮಾಹಿತಿಯ ಗತಿಯೇನೆಂದು 2007ರಲ್ಲಿ ವಿಚಾರಿಸಿದ ಹೇಡನ್, ಪ್ರೆಸ್ಕಿಲರಿಗೂ ಅವೇ ಬೇಕಾದುವು. 2003ರಲ್ಲಿ ಜೋಸೆಫ್ ಎಮರ್ಸನ್ ಮತ್ತು ಸಂಗಡಿಗರು, ಹಾರನ ಯೂನಿಟರಿಯನ್ನೇ ಕೇಳದೆ ಅದರಂತೆ ತೋರುವ ಕ್ರಿಯೆಗಳನ್ನು ಸಣ್ಣ ಗೇಟುಗಳಿಂದ ಹೆಣೆಯಬಹುದೆಂದು ಪ್ರಯೋಗಸಹಿತವಾಗಿ ತೋರಿಸಿದರು.

ಇದಕ್ಕಿಂತ ಮುಂಚೆಯೇ, 2002ರಲ್ಲಿ, ಡಿವಿನ್ಸೆಂಜೋ, ಲ್ಯುಂಗ್, ಟೆರ್ಹಾಲ್ ಎಂಬ ಮೂವರು ಕ್ವಾಂಟಮ್ ಸ್ಥಿತಿಗಳಲ್ಲಿ ಮಾಹಿತಿಯನ್ನು ಬಚ್ಚಿಡುವ ಬಗೆಯನ್ನು ಚಿಂತಿಸುವಾಗ ಒಂದು ಸಂಗತಿ ಗೋಚರವಾಗಿತ್ತು. ಕ್ಲಿಫರ್ಡ್ ಎಂಬ ಹೆಸರಿನ, ಎಣಿಕೆಗೆ ಒಳಪಟ್ಟ, ಸುಲಭಸಾಧ್ಯವಾದ ಕ್ರಿಯೆಗಳ ಕುಲವೊಂದಿದೆ. ಅದರಿಂದ ಒಂದನ್ನು ಯದೃಚ್ಛೆಯಿಂದ ಆಯ್ದರೆ, ಎರಡನೆಯ ಮಟ್ಟದ ಪರೀಕ್ಷೆಗೆ ಅದು ಹಾರನ ಯೂನಿಟರಿಯಿಂದ ಭಿನ್ನವಾಗಿ ಕಾಣುವುದಿಲ್ಲ. ಡ್ಯಾಂಕರ್ಟ್, ಕ್ಲೀವ್, ಎಮರ್ಸನ್, ಲಿವಿನ್ ಇವರು 2006ರಲ್ಲಿ ಬರೆದು 2009ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥವಕ್ಕೆ ಯೂನಿಟರಿ ವಿನ್ಯಾಸಗಳೆಂಬ ಹೆಸರು ನೆಲೆಗೊಂಡಿತು. ರಾಯರ ಬಲವೆಂಬುದೇ ಇಲ್ಲಿ ಹೊಸ ವೇಷದಲ್ಲಿ ನಿಂತಿದೆ: ಕ್ರಿಯೆಯನ್ನು ಎಷ್ಟು ಸಲ ಬಳಸಿ ಪರೀಕ್ಷಿಸುವವನ ಎದುರಿಗೆ ವಿನ್ಯಾಸ ತಡೆದೀತು ಎಂಬುದೇ ಅದರ ಮಟ್ಟ. ಕ್ಲಿಫರ್ಡ್ ಕುಲದ ಬಲ ಮೂರರ ತನಕ ಇದೆ, ನಾಲ್ಕಕ್ಕೆ ಸಾಲದು ಎಂಬುದು ಕೆಲವು ವರ್ಷಗಳ ಮೇಲೆ ಸಿದ್ಧವಾಯಿತು. ಆಶ್ಚರ್ಯವೆಂದರೆ, ಮೂರನೆಯ ಮಟ್ಟದ ಕಣ್ಣಿಗೆ ಪೂರ್ಣ ಯಾದೃಚ್ಛಿಕವಾಗಿ ತೋರುವ ಈ ಕ್ಲಿಫರ್ಡ್ ಸರ್ಕ್ಯೂಟುಗಳನ್ನು ಸಾಮಾನ್ಯ ಗಣಕವೂ ಅನಾಯಾಸವಾಗಿ ಅನುಕರಿಸಬಲ್ಲುದು. ಯದೃಚ್ಛೆಯ ತೋರಿಕೆ ಬೇರೆ, ಕ್ವಾಂಟಮ್ ಶಕ್ತಿ ಬೇರೆ.

ಹೆಚ್ಚಿನ ಬಲ ಬೇಕಾದವರು ಕುಲಗಳನ್ನು ಬಿಟ್ಟು ಕಲಸುವಿಕೆಯ ಕಡೆಗೆ ತಿರುಗಿದರು. ನೆರೆಹೊರೆಯ ಎರಡೆರಡು ಕ್ಯೂಬಿಟ್ಟುಗಳ ಮೇಲೆ ಯದೃಚ್ಛೆಯ ಗೇಟುಗಳನ್ನು ಸಾಲುಸಾಲಾಗಿ ಹಾಕುತ್ತ ಹೋದರೆ ಎಷ್ಟು ಸಾಲುಗಳಾದ ಮೇಲೆ ಇಡೀ ಸರ್ಕ್ಯೂಟು ಹಾರನ ಮಾದರಿಯನ್ನು ಸಮೀಪಿಸುವುದು? ಎರಡನೆಯ ಮಟ್ಟಕ್ಕೆ ಹ್ಯಾರೋ ಮತ್ತು ಲೋ 2009ರಲ್ಲಿ ಉತ್ತರ ಹೇಳಿದರು. ಬ್ರಾಂಡಾವ್, ಹ್ಯಾರೋ, ಹೊರೊಡೆಕಿ ಮೂವರ 2016ರ ಲೇಖನ, ಎಂತಹ ಮಟ್ಟಕ್ಕಾದರೂ ಮಿತವಾದ ಆಳವೇ ಸಾಕೆಂದು ಸಾಧಿಸಿತು. ಅಲ್ಲಿ ಆಳವು ಕ್ಯೂಬಿಟ್ಟುಗಳ ಸಂಖ್ಯೆಗೆ ಅನುಗುಣವಾಗಿ ಬೆಳೆಯುತ್ತಿತ್ತು. ಮಾಹಿತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಲು ಅಷ್ಟು ಸಾಲುಗಳಾದರೂ ಬೇಡವೆ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡಿದ್ದರು. 2019ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆ ತನ್ನ 53 ಕ್ಯೂಬಿಟ್ಟುಗಳ ಯಂತ್ರ ಹತ್ತು ಸಾವಿರ ವರ್ಷಗಳ ಕೆಲಸವನ್ನು ಇನ್ನೂರು ಸೆಕೆಂಡಿನಲ್ಲಿ ಮಾಡಿತೆಂದು ಸಾರಿದಾಗ ಓಡಿಸಿದ್ದುದು ಇಂಥ ಯಾದೃಚ್ಛಿಕ ಸರ್ಕ್ಯೂಟನ್ನೇ, ಇಪ್ಪತ್ತು ಆವರ್ತಗಳ ಆಳದಲ್ಲಿ. ಐಬಿಎಂ ಒಡನೆಯೇ ಆ ಅಂದಾಜನ್ನು ಪ್ರಶ್ನಿಸಿತು. ಸಾಮಾನ್ಯ ಗಣಕಗಳ ವಿಧಾನಗಳೂ ಅಲ್ಲಿಂದ ಮುಂದೆ ಬಹಳ ಚುರುಕಾದುವು.

ಶ್ರಮಕ್ಕೆ ಎಲ್ಲೆ ಕಟ್ಟುವ ಎರಡನೆಯ ಮಿತವ್ಯಯ ಕ್ವಾಂಟಮ್ ರಂಗಕ್ಕೆ ಬಂದುದು 2018ರಲ್ಲಿ. ಝೆಂಗ್‌ಫೆಂಗ್ ಜಿ, ಯಿ-ಕೈ ಲಿಯು, ಫಾಂಗ್ ಸಾಂಗ್ ಈ ಮೂವರು, ಯಾವ ಸಮರ್ಥ ಕ್ವಾಂಟಮ್ ಗಣಕಕ್ಕೂ ಹಾರನದರಿಂದ ಬೇರ್ಪಡಿಸಲಾಗದ ಹುಸಿಯಾದೃಚ್ಛಿಕ ಯೂನಿಟರಿಗಳ ಕಲ್ಪನೆಯನ್ನು ಮುಂದಿಟ್ಟು, ಅವನ್ನು ಕಟ್ಟುವ ಬಗೆಯನ್ನೂ ಊಹಿಸಿದರು. ಊಹೆಗೆ ಪ್ರಮಾಣ ದೊರೆಯಲಿಲ್ಲ. ಆರು ವರ್ಷ ಹಲವರನ್ನು ಕಾಡಿದ ಮೇಲೆ, ಅಂಥ ಯೂನಿಟರಿಗಳನ್ನು ಕಟ್ಟಬಹುದೆಂಬುದಕ್ಕೆ ಪ್ರಮಾಣ ಕೊನೆಗೆ 2024ರಲ್ಲಿ ಫರ್ಮಿ ಮಾ ಮತ್ತು ಸಿನ್-ಯುವಾನ್ ಹುವಾಂಗರ ಕೈಯಲ್ಲಿ ಒದಗಿತು. ಅದೇ ವರ್ಷ ಥಾಮಸ್ ಶುಸ್ಟರ್, ಯೋನಾಸ್ ಹಾಫರ್ಕಾಂಪ್, ಹುವಾಂಗ್ ಇವರು ಆಳದ ವಿಷಯದಲ್ಲಿ ಎಲ್ಲರ ಸಮಾಧಾನವನ್ನೂ ಕದಡಿದರು. ಕ್ಯೂಬಿಟ್ಟುಗಳನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿ ತುಂಡುತುಂಡಿಗೂ ಬೇರೆ ಬೇರೆ ಯಾದೃಚ್ಛಿಕ ಕ್ರಿಯೆಯನ್ನು ಹಾಕಿ, ಎರಡನೆಯ ಸಾಲಿನಲ್ಲಿ ಪ್ರತಿ ತುಂಡೂ ಮೊದಲ ಸಾಲಿನ ಎರಡು ನೆರೆತುಂಡುಗಳ ಅರ್ಧಾರ್ಧವನ್ನು ಹಿಡಿಯುವಂತೆ ಸರಿಸಿ ಮತ್ತೊಮ್ಮೆ ಹಾಕಿದರೆ ಸಾಕು, ಬೆಸುಗೆ ಕೂಡಿದ ಆ ಇಡಿಯೇ ವಿನ್ಯಾಸವಾಗುವುದೆಂದು ಅವರು ಸಾಧಿಸಿದರು. ತುಂಡಿನ ಗಾತ್ರ ಒಟ್ಟು ಸಂಖ್ಯೆಯ ಲಾಗರಿದಮ್ಮಿಗೆ ಅನುಗುಣವಾದುದರಿಂದ ಸರ್ಕ್ಯೂಟಿನ ಆಳವೂ ಅಷ್ಟಕ್ಕೇ ಇಳಿಯಿತು. ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ತಲುಪುವ ಮುನ್ನವೇ ಸರ್ಕ್ಯೂಟು ಸಂಪೂರ್ಣ ಕಲಸಿಹೋದಂತೆ ಪರೀಕ್ಷಕನಿಗೆ ತೋರುವುದಾದರೆ, ಸುದ್ದಿ ಎಲ್ಲಿಯ ತನಕ ಹರಡಿದೆ ಎಂಬಷ್ಟು ಸರಳವಾದ ಭೌತಗುಣವೂ ಸುಲಭದ ಪ್ರಯೋಗಕ್ಕೆ ಸಿಕ್ಕದು ಎಂದಾಯಿತು. ಮಿತವ್ಯಯದ ಸಾಧನೆಯೊಂದು ಹೀಗೆ ಜ್ಞಾನದ ಮಿತಿಯೊಂದನ್ನೂ ಗೊತ್ತುಮಾಡಿತು.

ನಮ್ಮ ನೆರೆಯಲ್ಲಿಯೂ ಈ ವಿದ್ಯೆಗೆ ಈಗ ಆಸನ ದೊರೆತಿದೆ. 2023ರ ಏಪ್ರಿಲಿನಲ್ಲಿ ಕೇಂದ್ರಸರಕಾರ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಯೋಜನೆಯಲ್ಲಿ ಗಣಕದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂವಹನದ ಕೇಂದ್ರ ಮದರಾಸಿನ ಐಐಟಿಗೂ ಸಂದಿವೆ; ಆ ಎರಡು ನಗರಗಳ ನಡುವಣ ಸೇಲಂ, ಧರ್ಮಪುರಿಗಳ ವಿದ್ಯಾರ್ಥಿಗಳಿಗೆ ಎರಡೂ ದೂರದವಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಬೆಳಕಿನ ಕಣಗಳಿಂದ ಪ್ರಮಾಣಿತ ಯದೃಚ್ಛೆಯನ್ನು ಪಡೆಯುವ ಪ್ರಯೋಗಗಳನ್ನು ನಡೆಸಿದೆ. 2025ರಲ್ಲಿ 56 ಕ್ಯೂಬಿಟ್ಟುಗಳ ಯಂತ್ರವೊಂದು ಯಾದೃಚ್ಛಿಕ ಸರ್ಕ್ಯೂಟುಗಳನ್ನು ಓಡಿಸಿ, ಮಹಾಗಣಕಗಳ ಪರಿಶೀಲನೆಗೆ ನಿಂತು, 71,313 ಬಿಟ್ಟುಗಳಷ್ಟು ಪ್ರಮಾಣಿತ ಯದೃಚ್ಛೆಯನ್ನು ಹೊರಗೆಡವಿತು. ರಾಧಾಕೃಷ್ಣ ರಾಯರು ಅದನ್ನು ಕಾಣಲಿಲ್ಲ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನವನ್ನು ಪಡೆದ ಅವರು ಅದೇ ವರ್ಷ ಆಗಸ್ಟ್ 22ರಂದು, ತಮ್ಮ 102ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ನಿಧನರಾದರು.

ಎರಡು ಮಿತವ್ಯಯಗಳಲ್ಲಿ ಯಾವುದು ಎಷ್ಟು ಭದ್ರ ಎಂಬುದನ್ನು ಇಲ್ಲಿ ತೂಗಿ ನೋಡತಕ್ಕದ್ದು. ಹುಸಿಯಾದೃಚ್ಛಿಕ ಯೂನಿಟರಿಗಳು ಒಂದು ನಂಬಿಕೆಯ ಮೇಲೆ ನಿಂತಿವೆ: ಮಾಡಲು ಸುಲಭವಾಗಿ, ಹಿಂದಿರುಗಿಸಲು ಕ್ವಾಂಟಮ್ ಗಣಕಕ್ಕೂ ದುಸ್ಸಾಧ್ಯವಾದ ಗಣಿತಕ್ರಿಯೆಗಳು ಉಂಟೆಂಬ ನಂಬಿಕೆ. ಅದನ್ನು ಇಂದಿನ ತನಕ ಯಾರೂ ಸಾಧಿಸಿಲ್ಲ, ಸುಳ್ಳೆಂದು ತೋರಿಸಿಯೂ ಇಲ್ಲ. ಅದು ಬಿದ್ದ ದಿನ ಅದರ ಮೇಲೆ ಕಟ್ಟಿದ್ದೂ ಬೀಳುತ್ತದೆ. ನೋಟದ ಆಳಕ್ಕೆ ಎಲ್ಲೆ ಕಟ್ಟುವ ವಿನ್ಯಾಸಗಳಿಗಾದರೋ ಇಂಥ ಋಣವಿಲ್ಲ. ಅವು ಕೊಡುವ ಮಾತು ಚಿಕ್ಕದು, ಇಷ್ಟು ಮಟ್ಟದ ಪರೀಕ್ಷೆಗೆ ಮಾತ್ರ ಹೊಣೆ, ಮೇಲಿನದಕ್ಕಲ್ಲ ಎಂಬಷ್ಟೆ. ಆದರೆ ಕೊಟ್ಟ ಮಾತಿನಷ್ಟನ್ನು ಪರೀಕ್ಷಕನು ಎಂತಹ ಬಲಶಾಲಿಯಾದರೂ ನಡೆಸಿಕೊಡುತ್ತವೆ. ಕ್ವಾಂಟಮ್ ಯಂತ್ರವನ್ನು ಕಟ್ಟುವವರು ಎರಡನ್ನೂ ಬಳಸುವರು, ಬಳಸಲಿ. ಯಾವ ಫಲಿತಾಂಶ ಯಾವ ಬಗೆಯ ಉಳಿತಾಯದಿಂದ ಬಂದುದು ಎಂಬ ಲೆಕ್ಕವನ್ನು ಮಾತ್ರ ಅವರು ಬೆರಸದೆ ಇಟ್ಟುಕೊಳ್ಳಬೇಕು.